ಬರಿದಾಗದ ಡ್ರಮ್ಮು

ಖಾನಾಪುರ,
೨೩ ಮೇ ೨೦೨೪, ಗುರುವಾರ

ಸಪ್ನಾಳ ಅಪ್ಪನವರಿಗೆ,

ನಾಗರತ್ನಾಳ ಶರಣು ಶರಣಾರ್ಥಿ. ಮೈಯಲ್ಲಿ ಹೇಗಿದೆ? ಕೊಲ್ಹಾಪುರದ ಖಾನಾವಳಿಯ ಖಾರ ನಿಮ್ಮ ಹೊಟ್ಟೆಗೆ ಒಗ್ಗುವುದಿಲ್ಲವೆಂದು ನನಗೆ ಗೊತ್ತು. ಫೋನಿನಲ್ಲಿ ಕೇಳಿದರೆ "ಆರಾಮ ಅದೇನಿ" ಎನ್ನುತ್ತೀರಿ. ನೀವು ಆರಾಮ ಅಂದಾಗಲೆಲ್ಲ ನನಗೆ ಸಂಶಯ ಇನ್ನೂ ಜಾಸ್ತಿಯಾಗುತ್ತದೆ. ಊಟದ ಮೇಲೆ ಮಜ್ಜಿಗೆ ಕುಡಿಯಿರಿ, ಅಂಗಿಯ ಕಿಸೆಯಲ್ಲಿ ಒಂದಿಷ್ಟು ಅಜವಾನ ಇಟ್ಟುಕೊಳ್ಳಿ. ಸಪ್ನಾ ಬೆಳಗಾವಿಯ ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕದ ಒಳಗೆ ಮೊಬೈಲು ಇಟ್ಟುಕೊಂಡು ಕೂತಿದ್ದಾಳೆ. ನಾನು ಚೆನ್ನಾಗಿದ್ದೇನೆ. ಸೊಂಟ ಹಿಡಿದುಕೊಂಡಿದೆ, ಅದರ ಕಾರಣ ಮುಂದೆ ಓದಿದರೆ ತಿಳಿಯುತ್ತದೆ.

ಕೈಯಲ್ಲಿ ಮೊಬೈಲು ಇಟ್ಟುಕೊಂಡು ಇವಳಿಗೇನು ಪತ್ರದ ಹುಚ್ಚು ಎಂದು ನಗಬೇಡಿ. ಮೊನ್ನೆ ಫೋನಿನಲ್ಲಿ ಆ ನೀಲಿ ಡ್ರಮ್ಮುಗಳ ಮಾತು ಎತ್ತಿದ ಕೂಡಲೇ "ಎರಡ ತಂದಿದ್ದೆ, ತಿಕ್ಕಿ ತೊಳದ ತಂದಿದ್ದೆ, ಈಗ ಕೆಲಸ ಐತಿ" ಎಂದು ಕಡಿದುಬಿಟ್ಟಿರಿ. ಕಾಗದವನ್ನು ಹಾಗೆ ನಡುವೆ ಕಡಿಯಲು ಬರುವುದಿಲ್ಲ. ನಿಮ್ಮ ಕಾರ್ಖಾನೆಯ ಟೆಂಪೊ ನಡೆಸುವ ಹಣಮಪ್ಪ ರಜೆಗೆಂದು ಇಲ್ಲಿಗೆ ಬಂದಿದ್ದಾನಲ್ಲ, ಅವನು ಇವತ್ತು ಟೆಂಪೊ ತೆಗೆದುಕೊಂಡು ಕೊಲ್ಹಾಪುರಕ್ಕೆ ಹೊರಡುತ್ತಾನಂತೆ. ಅವನ ಕೈಯಲ್ಲೇ ಕಳಿಸುತ್ತೇನೆ. ಪಾಕೀಟನ್ನು ಗಟ್ಟಿಯಾಗಿ ಅಂಟಿಸುತ್ತೇನೆ. ಬಿಚ್ಚಿ ಮತ್ತೆ ಅಂಟಿಸಿದ ಗುರುತು ಕಂಡರೆ ತಿಳಿಸಿ.

ಅತ್ತೆಯವರ ಕಾಲಿನ ವಿಷಯದಲ್ಲಿ ನಿಮಗೆ ಗೊತ್ತಿರುವುದು ಅರ್ಧ ಮಾತ್ರ. ಬೆರಳು ತೆಗೆದ ದಿನ ಬಂದಿರಿ, ಮರುದಿನವೇ ಬಸ್ಸು ಹತ್ತಿದಿರಿ. ನಿಮ್ಮನ್ನು ದೂರುತ್ತಿಲ್ಲ, ರಜೆ ಸಿಗಲಿಲ್ಲವೆಂದು ಹೇಳಿದಿರಿ, ನಂಬಿದ್ದೇನೆ. ನಿಮ್ಮ ಶನಿವಾರದ ಓವರ್‌ಟೈಮನ್ನೂ ಹೀಗೆಯೇ ಎರಡು ವರ್ಷ ನಂಬಿಕೊಂಡು ಬಂದಿದ್ದೇನೆ. ಆ ಮಾತು ಈಗ ಬೇಡ.

ಶಿವರಾತ್ರಿಗೆ ತೊಟ್ಟ ಹೊಸ ಚಪ್ಪಲಿ ಅತ್ತೆಯವರ ಕಾಲನ್ನು ಕಚ್ಚಿದ್ದು, ಕಿರುಬೆರಳ ಬಾಜು ಹುಣಸೆ ಬೀಜದಷ್ಟು ಬೊಬ್ಬೆ ಎದ್ದದ್ದು ನಿಮಗೆ ನೆನಪಿದೆ. ಸಕ್ಕರೆ ಕಾಯಿಲೆಯವರ ಕಾಲು, ಹುಷಾರಾಗಿರಿ ಎಂದು ಖಾನಾಪುರದ ಡಾಕ್ಟರು ಆಗಲೇ ಗುಳಿಗೆ ಬರೆದುಕೊಟ್ಟರು. ಬೊಬ್ಬೆ ಹುಣ್ಣಾಯಿತು. ಗುಳಿಗೆ ಬದಲಿಸಿದರು, ಹುಣ್ಣು ಅಗಲವಾಯಿತು. ಸೂಜಿ ಕೊಟ್ಟರು, ಅದಕ್ಕೂ ಬಗ್ಗಲಿಲ್ಲ. ಆಗ ನನ್ನ ಮೊದಲ ಸಂಶಯ ಬಿದ್ದದ್ದು ಔಷಧಿ ಅಂಗಡಿಯವನ ಮೇಲೆ. ನಕಲಿ ಮಾಲು ಕೊಡುತ್ತಾನೆಂದು ತೀರ್ಮಾನಿಸಿ, ಅದೇ ಗುಳಿಗೆಯನ್ನು ಬೆಳಗಾವಿಯ ಕ್ಯಾಂಪಿನ ದೊಡ್ಡ ಅಂಗಡಿಯಿಂದ ಕೊಂಡು ತಂದೆ. ಎರಡೂ ಚೀಟಿಗಳನ್ನು ಬೆಳಕಿಗೆ ಹಿಡಿದು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ. ಒಂದೇ ಮಾಲು. ಕ್ಯಾಂಪಿನ ಗುಳಿಗೆ ನುಂಗಿದರೂ ಹುಣ್ಣು ಹಾಗೆಯೇ ಇತ್ತು.

ಆಮೇಲೆ ನನ್ನ ಕಣ್ಣು ಕಾಂತಾಳ ಮೇಲೆ ಹೋಯಿತು. ನಿಮ್ಮ ತಮ್ಮ ಗುರುಪುತ್ರಪ್ಪನ ಹೆಂಡತಿ ನನಗೆ ನೆಗೆಣ್ಣಿ ಮಾತ್ರವಲ್ಲ, ತಂಗಿ ಇದ್ದ ಹಾಗೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುವವಳು ನಾನೇ. ಆದರೆ ಆರೈಕೆ ಅವಳ ಕೈಯಲ್ಲಿತ್ತು. ಯುಗಾದಿ ಮುಗಿಸಿ ನೀವು ಅತ್ತ ಕೊಲ್ಹಾಪುರದ ಶಾಖೆಗೆ ವರ್ಗವಾಗಿ ಹೋದಿರಿ, ನಾನು ಇತ್ತ ಖಾನಾಪುರಕ್ಕೆ ಬಂದು ನೋಡಿದರೆ ಅತ್ತೆಯವರ ಹಾಸಿಗೆಯ ಹತ್ತಿರ ಮಾಗಿದ ದ್ರಾಕ್ಷಿಯ ಹಾಗೆ ಸಿಹಿ ವಾಸನೆ. ಸಕ್ಕರೆ ಕಾಯಿಲೆಯ ಮನೆಯಲ್ಲಿ ಇದೆಲ್ಲಿಯ ದ್ರಾಕ್ಷಿ? ಅತ್ತೆಯವರಿಗೆ ಕುಂದಾ ಎಂದರೆ ಎಷ್ಟು ಆಸೆ ಎಂದು ನಿಮಗೇ ಗೊತ್ತು. ಸೊಸೆ ಕದ್ದುಮುಚ್ಚಿ ಏನೋ ತಿನ್ನಿಸುತ್ತಿದ್ದಾಳೆ ಎಂದುಕೊಂಡು ದಿಂಬಿನ ಕೆಳಗೆ, ಕಪಾಟಿನ ಹಿಂದೆ, ಅಕ್ಕಿಯ ಡಬ್ಬಿಯಲ್ಲಿ ಎಲ್ಲ ಕಡೆ ಹುಡುಕಿದೆ. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಇನ್ನಷ್ಟು ಸಂಶಯ ಬಂತು. ಅಷ್ಟು ಚೆನ್ನಾಗಿ ಬಚ್ಚಿಡಲು ಅವಳಿಗೆ ಕಲಿಸಿದವರು ಯಾರು?

ಅದೇ ದಿನ ಸಂಜೆ ಪಟ್ಟಿ ಬಿಚ್ಚಿದಾಗ ಬಟ್ಟೆಯ ಮೇಲೆ ಹಸಿರು ಕಲೆ ಕಂಡೆ. ಯಾವುದೋ ಸೊಪ್ಪು ಅರೆದು ಹಿಂಡಿದ ಹಾಗೆ ಹಸಿರು. ಇನ್ನೇನು ಬೇಕು? ಕಾಂತಾಳ ತವರು ನಂದಗಡದ ಕಡೆಯ ಹಳ್ಳಿ, ಅಲ್ಲಿ ಗಾಯಕ್ಕೆ ಗಿಡಮೂಲಿಕೆ ಹಚ್ಚುವವರು ಬೇಕಾದಷ್ಟು ಜನ ಇದ್ದಾರೆ. ಡಾಕ್ಟರ ಔಷಧಿ ಬದಿಗಿಟ್ಟು ಸೊಪ್ಪಿನ ರಸ ಹಚ್ಚುತ್ತಿದ್ದಾಳೆ ಎಂದು ನಿಂತ ಕಾಲ ಮೇಲೆ ತೀರ್ಪು ಕೊಟ್ಟೆ, ಅದೂ ನಿಮ್ಮ ತಮ್ಮನ ಎದುರಿಗೆ.  ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು "ಅಕ್ಕಾ, ನಾ ಯಾವ ಸೊಪ್ಪೂ ಹಚ್ಚಿಲ್ರಿ, ಏನೂ ತಿನ್ನಿಸಿಲ್ರಿ. ನನ್ನ ಮ್ಯಾಲ ವಿಶ್ವಾಸ ಇಲ್ಲಂದ್ರ ನೀವ ತೊಳೀರಿ, ನೀವ ಕಟ್ಟರಿ" ಎಂದಳು. ಮರುದಿನ ಬೆಳಗ್ಗೆ ಚೀಲ ತೆಗೆದುಕೊಂಡು ತವರಿಗೆ ಹೋದಳು. ಗುರುಪುತ್ರಪ್ಪ ಅವತ್ತಿನಿಂದ ನನ್ನ ಕೈಯಿಂದ ಚಹಾ ಇಸಿದುಕೊಳ್ಳುವಾಗಲೂ ನೆಲ ನೋಡುತ್ತಿದ್ದ. ಸಿಕ್ಕಿಬಿದ್ದವರು ಹೀಗೆಯೇ ಓಡಿಹೋಗುತ್ತಾರೆ ಎಂದು ನಾನು ಒಳಗೊಳಗೇ ಅಂದುಕೊಂಡೆ.

ಸರಿ, ಆರೈಕೆ ನನ್ನ ಕೈಗೆ ಬಂತು. ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗುಳಿಗೆ ನುಂಗಿದ ಮೇಲೆ ಅತ್ತೆಯವರ ಬಾಯಿ ತೆರೆಸಿ ನೋಡುತ್ತಿದ್ದೆ. "ನಿನಗ ಸಂಶಯದ ಬ್ಯಾನಿ ಐತವಾ ನಾಗರತ್ನಾ, ನನ್ನ ಕಾಲಿಗಿಂತ ಅದಕ್ಕ ಮೊದಲ ಔಷಧ ನೋಡು" ಎಂದು ಅವರು ಬೈದರೂ ಬಿಡಲಿಲ್ಲ. ನೆರೆಮನೆಯ ಪದ್ಮವ್ವ ಮಾತಾಡಿಸಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದೆ. ನನ್ನ ಕೈಯಿಂದಲೇ ತೊಳೆದೆ, ನನ್ನ ಕೈಯಿಂದಲೇ ಕಟ್ಟಿದೆ. ವಾರ ಕಳೆಯುವುದರೊಳಗೆ ನಾನು ಕಟ್ಟಿದ ಬಿಳಿ ಪಟ್ಟಿಯ ಮೇಲೆ ಅದೇ ಹಸಿರು, ಅದೇ ದ್ರಾಕ್ಷಿಯ ವಾಸನೆ. ಬೆರಳು ಕಪ್ಪಾಗತೊಡಗಿತ್ತು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಮನೆಯಲ್ಲಿ ಸಂಶಯಪಡಲು ನನ್ನನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ.

ಆಮೇಲಿನದು ನಿಮಗೆ ಗೊತ್ತು. ಬೆಳಗಾವಿಯ ಆಸ್ಪತ್ರೆ, ಆಪರೇಶನ್ನು, ಎರಡು ಬೆರಳು ಹೋದದ್ದು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ನೀವು ಹೋದ ಮೇಲೆ ಅಲ್ಲಿಯ ಪ್ರಯೋಗಾಲಯದ ಡಾಕ್ಟರು ಸುಹಾಸಿನಿ ಎಂಬುವವರು ನನ್ನನ್ನು ಕರೆಸಿದರು. ಮರಾಠಿ ಬೆರೆಸಿ ಕನ್ನಡ ಮಾತಾಡುವ ಸಣ್ಣ ಮೈಯ ಹೆಂಗಸು, ನಗು ಕಡಿಮೆ. ಗಾಯಕ್ಕೆ ಏನು ಹಚ್ಚಿದಿರಿ ಎಂದು ಕೇಳುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು "ಗಾಯ ಯಾವ ನೀರಿಲೆ ತೊಳದ್ರಿ ಬಾಯಾರ?" ಎಂದು. ಡ್ರಮ್ಮಿನ ನೀರು ಎಂದೆ. ಅದರಲ್ಲೊಂದಿಷ್ಟು ತರಿಸಿ ಎಂದರು. ನೀರನ್ನು ನೋಡುವ ನೆಪದಲ್ಲಿ ಆಸ್ಪತ್ರೆಯವರು ತಮ್ಮ ತಪ್ಪು ಮುಚ್ಚಿಕೊಳ್ಳುತ್ತಿದ್ದಾರೆ ಎಂದು ನನಗೆ ಅನ್ನಿಸದೆ ಇರಲಿಲ್ಲ. ಆದರೂ ಗುರುಪುತ್ರಪ್ಪನಿಂದ ಬಾಟಲಿಯಲ್ಲಿ ತರಿಸಿಕೊಟ್ಟೆ.

ಹೋದ ವಾರ ಮತ್ತೆ ಕರೆಸಿ ಎರಡು ಗಾಜಿನ ತಟ್ಟೆಗಳನ್ನು ಮುಂದಿಟ್ಟರು. ಒಂದರಲ್ಲಿ ಅತ್ತೆಯವರ ಗಾಯದಿಂದ ಬೆಳೆಸಿದ ಜಂತು, ಅಂದರೆ ಕಣ್ಣಿಗೆ ಕಾಣದ ರೋಗಾಣು, ಇನ್ನೊಂದರಲ್ಲಿ ನಮ್ಮ ಡ್ರಮ್ಮಿನ ನೀರಿನಿಂದ ಬೆಳೆಸಿದ್ದು. ಎರಡೂ ಹಸಿರು! ಮುಚ್ಚಳ ಚೂರು ಸರಿಸಿದಾಗ ನಾನು ಮನೆಯೆಲ್ಲ ಹುಡುಕಿದ ಆ ದ್ರಾಕ್ಷಿಯ ವಾಸನೆ ಬಂತು.  ಕಾಂತಾ ತಿನ್ನಿಸಿದ ಸಿಹಿಯೂ ಇಲ್ಲ, ಹಚ್ಚಿದ ಸೊಪ್ಪೂ ಇಲ್ಲ, ಬಣ್ಣ, ವಾಸನೆ ಎರಡೂ ಈ ಜಂತುವಿನವು. ತಟ್ಟೆಯ ಮೇಲೆ ಔಷಧಿ ಹೀರಿಸಿದ ಪುಟ್ಟ ಪುಟ್ಟ ಬಿಲ್ಲೆಗಳನ್ನು ಇಟ್ಟಿದ್ದರು. ಔಷಧಿಗೆ ಜಂತು ಸಾಯುವುದಾದರೆ ಬಿಲ್ಲೆಯ ಸುತ್ತ ಖಾಲಿ ಜಾಗ ಬೀಳಬೇಕಂತೆ. ನಾವು ಕೊಟ್ಟ ಔಷಧಿಗಳ ಬಿಲ್ಲೆಗಳ ಅಂಚಿನವರೆಗೂ ಜಂತು ಹಬ್ಬಿಕೊಂಡು ಕೂತಿತ್ತು. ಒಂದೇ ಒಂದು ಬಿಲ್ಲೆಯ ಸುತ್ತ ಮಾತ್ರ ಸ್ವಲ್ಪ ಬಯಲು ಕಾಣುತ್ತಿತ್ತು. ಈಗ ಅತ್ತೆಯವರಿಗೆ ಸಲೈನಿನಲ್ಲಿ ಏರಿಸುತ್ತಿರುವುದು ಆ ಒಂದನ್ನೇ. ಅದೂ ನಡೆಯದಿದ್ದರೆ ಪಾದ ಉಳಿಯುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಾರೆ.

ಸಾದಾ ನೀರಿನ ಜಂತುವಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಎಂದು ಕೇಳಿದೆ. ಆಗ ಅವರು ಡ್ರಮ್ಮಿನ ಜಾತಕ ಕೇಳಿದರು. ನನ್ನ ಗಂಡ ಯುಗಾದಿಯವರೆಗೆ ಇಲ್ಲೇ ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ಗಾಡಿಯ ಬಿಡಿಭಾಗಗಳಿಗೆ ನಿಕ್ಕಲ್ ಹೊಳಪು ಏರಿಸುವ ಕಾರ್ಖಾನೆಯಲ್ಲಿದ್ದರು, ಅಲ್ಲಿ ಖಾಲಿಯಾದ ಡ್ರಮ್ಮು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾಯಾರ, ಜಂತು ಸುಖದಾಗ ಬೆಳದಿದ್ರ ಮೊದಲನೇ ಗುಳಿಗಿಗೇ ಸಾಯ್ತಿತ್ತೇನೋ. ಇದು ತ್ರಾಸಿನ್ಯಾಗ ಬೆಳದದ್ದು" ಎಂದರು. ಡ್ರಮ್ಮಿನ ಗೋಡೆಯಲ್ಲಿ ಉಳಿದ ಲೋಹದ ಅಂಶ ದಿನಾ ಚೂರುಚೂರು ನೀರಿಗೆ ಇಳಿಯುತ್ತದೆ. ಜಂತು ಸಾಯುವಷ್ಟಿಲ್ಲ, ಸುಮ್ಮನೆ ಬಿಡುವಷ್ಟೂ ಇಲ್ಲ. ಹೆಚ್ಚಿನವು ಸಾಯುತ್ತವೆ. ಒಳಗೆ ಬಂದ ವಿಷವನ್ನು ಬಾವಿಯ ಪಂಪಿನಂತೆ ಎತ್ತಿ ಹೊರಗೆ ಚೆಲ್ಲುವ ಶಕ್ತಿ ಇದ್ದವು ಬದುಕಿ ಮರಿಮಕ್ಕಳು ಮಾಡುತ್ತವೆ. ಆಮೇಲೆ ನಾವು ಔಷಧಿ ಕೊಟ್ಟರೆ ಅದನ್ನೂ ಅದೇ ಪಂಪಿನಿಂದ ಹೊರಗೆ ಹಾಕುತ್ತವೆ. ಅದರ ಮೇಲೆ ಅಂಗಳದ ಬಿಸಿಲು. ಅದರ ಮೇಲೆ ಅತ್ತೆಯವರು ಮೂಗು ಹಿಡಿದುಕೊಂಡು ಹಾಕಿಸುತ್ತಿದ್ದ ಒಂದು ಚಿಟಿಕೆ ಬ್ಲೀಚಿಂಗ್ ಪುಡಿ. ಅಷ್ಟು ತ್ರಾಸನ್ನೂ ತಾಳಿಕೊಂಡು ಉಳಿದದ್ದು ಅವರ ಕಾಲಿಗೆ ಬಂದು ಕೂತಿದೆ. ನೀರಿನಲ್ಲಿ ಲೋಹ ಇರುವುದು ಬೇರೆ ಪರೀಕ್ಷೆಯಲ್ಲೂ ಬಂದಿದೆ. "ಸಕ್ಕರಿ ಬ್ಯಾನಿನೂ ಸೇರೇದ, ಡ್ರಮ್ಮೊಂದ ಕಾರಣ ಅಂತ ನಾ ಬರದು ಕೊಡೂದಿಲ್ಲ" ಎಂದು ಡಾಕ್ಟರು ಕೊನೆಗೆ ಜಾರಿಕೊಂಡರು. ಬರೆದು ಕೊಡದಿದ್ದರೆ ಬೇಡ, ನನಗೆ ಅರ್ಥವಾಗಿದೆ.

ನೀವು ತಿಕ್ಕಿ ತೊಳೆದದ್ದು ಖರೆ ಇರಬಹುದು. ಅಂಥ ಡ್ರಮ್ಮುಗಳಿಗೆ ತೂತು ಹೊಡೆದು ವಾಪಸು ಕಳಿಸಬೇಕೆಂಬ ನಿಯಮ ನಿಮ್ಮಲ್ಲೇ ಇದೆಯಂತೆ. ಸಂಕ್ರಾಂತಿಯ ಮರುವಾರ ತೂತಿಲ್ಲದ್ದನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದು "ನಮ್ಮವ್ವ ಬ್ಯಾಸಿಗ್ಯಾಗ ನೀರಿಗೆ ಒದ್ದಾಡಬಾರದು" ಎಂದು ಅಂಗಳದಲ್ಲಿ ಇಳಿಸಿದಿರಿ. ಅತ್ತೆಯವರು ಅದಕ್ಕೆ ವಿಭೂತಿ ಹಚ್ಚಿ, ಹೂವು ಇಟ್ಟು, ಓಣಿಯವರನ್ನೆಲ್ಲ ಕರೆದು ತೋರಿಸಿದರು. ಇನ್ನು ಅವರ ಕಟ್ಟಳೆ ನಿಮಗೆ ಗೊತ್ತಲ್ಲ? "ಮನ್ಯಾಗ ನೀರಿನ ಭಾಂಡೆ ಬರಿದಾಗಬಾರದವಾ, ಮನಿತನಕ್ಕ ಒಳ್ಳೇದಲ್ಲ." ನಳ ಬಂದಾಗಲೆಲ್ಲ ಹಳೆಯ ನೀರಿನ ಮೇಲೆಯೇ ಹೊಸ ನೀರು. ಆ ಡ್ರಮ್ಮು ಬಂದ ದಿನದಿಂದ ಒಮ್ಮೆಯೂ ತಳ ಕಂಡಿಲ್ಲ. ಅಡುಗೆಮನೆಯ ಹಿತ್ತಾಳೆ ಕೊಡದಲ್ಲಿ ಕುದಿಸಿ ಆರಿಸಿದ ಒಳ್ಳೆಯ ನೀರು ಸದಾ ಇರುತ್ತಿತ್ತು. ಆದರೆ ಅದು ಕುಡಿಯುವ ನೀರು, ಲಿಂಗಪೂಜೆಯ ನೀರು. ಅದನ್ನು ಕೀವಿನ ಕಾಲಿಗೆ ಹಾಕಲು ಅವರು ಬಿಡುವುದುಂಟೇ? ಕೊಡಕ್ಕೆ ಕೈಹಚ್ಚಬೇಡ, ಡ್ರಮ್ಮಿನದು ತಗೋ ಎಂದು ಅವರೇ ಹೇಳುತ್ತಿದ್ದರು. ಕಾಂತಾ ಹಾಗೇ ಮಾಡಿದಳು, ಆಮೇಲೆ ನಾನೂ ಹಾಗೇ ಮಾಡಿದೆ.

ಆಸ್ಪತ್ರೆಯಲ್ಲಿ ಗುರುಪುತ್ರಪ್ಪನನ್ನು ಕೂರಿಸಿ ನಾನು ನಿನ್ನೆ ಇಲ್ಲಿಗೆ ಬಂದದ್ದು ಡ್ರಮ್ಮಿನ ವ್ಯವಸ್ಥೆ ನೋಡಲು. ಬಂದು ನೋಡಿದರೆ ಬಾಗಿಲು ತೆರೆದಿತ್ತು. ಕಳ್ಳರೆಂದು ಒನಕೆ ಎತ್ತಿಕೊಂಡು ಒಳಗೆ ಹೋದೆ. ಕಾಂತಾ ಕಸ ಗುಡಿಸುತ್ತಿದ್ದಳು. ಅವಳ ಗಂಡ ಫೋನಿನಲ್ಲಿ ಎಲ್ಲ ಹೇಳಿದ್ದನಂತೆ. ನನ್ನ ಕೈಯ ಒನಕೆ ನೋಡಿ "ಇನ್ನೂ ಸಂಶಯ ಹೋಗಿಲ್ಲೇನ್ರಿ ಅಕ್ಕಾ?" ಎಂದಳು. ನಗಬೇಕೆಂದವಳು ಜೋರಾಗಿ ಅತ್ತುಬಿಟ್ಟೆ. ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ, ನನಗೆ ಬರದ ವಿದ್ಯೆ ಅದು. ಅವಳನ್ನು ಕೂರಿಸಿ ಬಿಸಿ ರೊಟ್ಟಿ ಬಡಿದು ಹಾಕಿದೆ. ಇನ್ನೊಂದು ಹಾಕಿರಿ ಎಂದು ಕೇಳಿ ತಿಂದಳು. ಮಾಫಿ ಸಿಕ್ಕಿತೆಂದು ತಿಳಿದುಕೊಂಡಿದ್ದೇನೆ.

ಡಾಕ್ಟರು ಹೇಳಿದ ಹಾಗೆ ಡ್ರಮ್ಮಿಗೆ ಬೊಗಸೆ ತುಂಬ ಬ್ಲೀಚಿಂಗ್ ಪುಡಿ ಸುರಿದು ಒಂದು ರಾತ್ರಿ ಬಿಟ್ಟು, ಇವತ್ತು ಇಬ್ಬರೂ ಸೇರಿ ಹಿತ್ತಿಲ ಗುಂಡಿಗೆ ಉರುಳಿಸಿದೆವು. ಸೊಂಟ ಹಿಡಿದದ್ದು ಆವಾಗ. ತಳದಲ್ಲಿ ಬೆಂಡೆಕಾಯಿ ಲೋಳೆಯ ಹಾಗೆ ಕೈಗೆ ಜಾರುವ ಪದರ. ಪುಡಿ ಹಾಕಿದರೂ ತಳ ಬಿಟ್ಟಿರಲಿಲ್ಲ, ತೆಂಗಿನ ನಾರಿನಿಂದ ಕೆರೆದು ತೆಗೆಯಬೇಕಾಯಿತು. ಇದರ ಜೋಡಿಯದು ಬೆಳಗಾವಿಯ ನಮ್ಮ ಮನೆಯ ಮಾಳಿಗೆಯ ಮೇಲಿತ್ತಲ್ಲ, ಅದನ್ನು ಸಪ್ನಾಳಿಂದ ಮೊನ್ನೆಯೇ ಖಾಲಿ ಮಾಡಿಸಿ ಬೋರಲು ಹಾಕಿಸಿದ್ದೇನೆ. ಎರಡಕ್ಕೂ ತೂತು ಹೊಡೆಸಿ ನಿಮ್ಮ ಕಾರ್ಖಾನೆಗೇ ವಾಪಸು ಕೊಡುವ ಕೆಲಸ ನಿಮ್ಮದು. ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಹೆದರಬೇಡಿ, ಹೆದರಬೇಕಾದದ್ದು ಇದಕ್ಕಲ್ಲ.

ಅತ್ತೆಯವರಿಗೆ ಏನೂ ಹೇಳಿಲ್ಲ. ಜ್ವರ ಇಳಿದಿದೆ, ಸಲೈನಿನ ಔಷಧಿ ಕೆಲಸ ಮಾಡುತ್ತಿದೆ ಎನ್ನುತ್ತಾರೆ, ಸೋಮವಾರದ ಹೊತ್ತಿಗೆ ಪಾದದ ವಿಷಯ ಗೊತ್ತಾಗುತ್ತದೆ. ನಿನ್ನೆ ನಾನು ಹೊರಡುವಾಗ ಕೈಹಿಡಿದು "ನನ್ನ ಮಗ ತಂದ ಡ್ರಮ್ಮು ಐತಿ, ಬಿಸಲಿಗೆ ಸೀಳೀತು, ಜ್ವಾಕಿ" ಎಂದರು. ಹೂಂ ಎಂದೆ. ಸಂಶಯಗಾರ್ತಿ ಎಂದು ಹೆಸರಾದ ನಾನು ನಿಮ್ಮ ತಾಯಿಯ ನಂಬಿಕೆಯನ್ನು ಕಾಯುತ್ತಿದ್ದೇನೆ, ನೋಡಿ.

ಗುರುಪುತ್ರಪ್ಪ, ಕಾಂತಾ, ಸಪ್ನಾ ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಅತ್ತೆಯವರ ಆಶೀರ್ವಾದ ನಿಮ್ಮ ಬೆನ್ನಿಗಿದೆ. ಬಸವಣ್ಣ ನಿಮಗೆ ಆಯುಷ್ಯ ಕೊಡಲಿ, ಫೋನನ್ನು ನಡುವೆ ಕಡಿಯದ ಬುದ್ಧಿಯನ್ನೂ ಕೊಡಲಿ.

ನಿಮ್ಮ ಹಾದಿ ಕಾಯುವ,
ನಾಗರತ್ನಾ

ತಾ.ಕ.: ಹಣಮಪ್ಪ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹಿತ್ತಿಲಲ್ಲಿ ಬಿದ್ದ ಡ್ರಮ್ಮು ನೋಡಿ ಯಾಕೆ ಎಂದು ಕೇಳಿದ. ಹೇಳಿದೆ. ಪುಣ್ಯ, ಇಂಥವು ಎರಡೇ ಇದ್ದವು ಎಂದೆ. "ಎರಡಲ್ರಿ ವೈನಿ, ಮೂರು. ಒಂದು ಮಚ್ಛೇದಾಗ ಇಳಿಸಿದ್ವಲ್ಲಾ" ಎಂದವನು ಹಲ್ಲಿನಲ್ಲಿ ನಾಲಿಗೆ ಕಚ್ಚಿಕೊಂಡ. ಯಾರ ಮನೆ ಎಂದರೆ "ಸಾಹೇಬ್ರನ್ನ ಕೇಳ್ರಿ" ಎಂದು ಚಪ್ಪಲಿ ನೋಡುತ್ತಿದ್ದಾನೆ. ನಿಮಗೆ ಫೋನು ಹಚ್ಚಿದೆ, ನೀವು ಎತ್ತಲಿಲ್ಲ. ಆ ಮನೆಯಲ್ಲಿ ಯಾರಿಗಾದರೂ ಗಾಯ ಇದೆಯೇ, ಅಷ್ಟು ಹೇಳು ಎಂದೆ. "ಬಾಣಂತಿ ಅದಾಳ್ರಿ, ಹೊಟ್ಟಿ ಕೊಯ್ದು ಹೆರಿಗಿ ಆಗೇತಿ. ಗಂಡು ಕೂಸು" ಎಂದ.

ಆಕೆ ಯಾರು, ಕೂಸು ಯಾರದು ಎಂದು ನಾನು ಕೇಳಲಿಲ್ಲ.  ಹಣಮಪ್ಪ ದಾರಿಯಲ್ಲಿ ಮೊದಲು ಆ ಮನೆಗೇ ಹೋಗುತ್ತಾನೆ. ಉಳಿದ ಬ್ಲೀಚಿಂಗ್ ಪುಡಿ ಕೊಟ್ಟಿದ್ದೇನೆ, ಮಾಡುವ ರೀತಿ ಹೇಳಿದ್ದೇನೆ. ಹೊಲಿಗೆಯ ಜಾಗದಲ್ಲಿ ಹಸಿರು ಕಂಡರೆ ಕೂಡಲೇ ಸುಹಾಸಿನಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ನನ್ನ ಹೆಸರು ಹೇಳಲಿ. ಕೂಸಿನ ಮೈ ತೊಳೆಯಲು ಇವತ್ತಿಗೆ ನೀರು ಬೇಕಲ್ಲ? ಅಡುಗೆಮನೆಯ ಹಿತ್ತಾಳೆ ಕೊಡವನ್ನು ಇದ್ದಬದ್ದ ನೀರಿನೊಂದಿಗೆ ಬಾಯಿಗೆ ಬಟ್ಟೆ ಕಟ್ಟಿ ಗಾಡಿಯಲ್ಲಿ ಇಡಿಸಿದ್ದೇನೆ. ಕಾಂತಾ ಬಾಯಿಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಾಳೆ. ಇವತ್ತು ಈ ಮನೆಯಲ್ಲಿ ಹನಿ ನೀರಿಲ್ಲ.

ಆ ಕೊಡ ನಿಮ್ಮ ತಾಯಿಯದು, ಅವರು ಮನೆಗೆ ಬರುವುದರೊಳಗೆ ಇಲ್ಲಿರಬೇಕು. ನೀವೇ ಹೋಗಿ ತನ್ನಿ. ತಂದು ಕೊಡುವಾಗ ಆಕೆಯ ಹೆಸರು ಹೇಳಿ.